52 ವಾರಗಳ ಕನಿಷ್ಠ ದರ ಎಂದರೆ ಅಗ್ಗವಲ್ಲ

ಮಾನ್ಯ ಸಂಪಾದಕರೇ,

ವಾಣಿಜ್ಯ ಪುಟಗಳಲ್ಲಿ 52 ವಾರಗಳ ಕನಿಷ್ಠ ದರಕ್ಕೆ ಇಳಿದ ಷೇರುಗಳ ಪಟ್ಟಿ ಬರುತ್ತದೆ. ಹಲವರು ಅದನ್ನು ರಿಯಾಯಿತಿ ಮಾರಾಟದ ಪಟ್ಟಿಯಂತೆ ಓದುತ್ತಾರೆ. ತೈಲ, ಅನಿಲ ಕಂಪನಿಗಳ ವಿಷಯದಲ್ಲಿ ಈ ಓದು ದುಬಾರಿ. ಇಳಿಯಲು ಹಿಡಿದ ಇಂಧನ ಷೇರು ತಿಂಗಳುಗಟ್ಟಲೆ ಇಳಿಯಬಲ್ಲದು, ಅದರ ಸುಳಿವು ಎಷ್ಟೋ ಸಲ ಪಟ್ಟಿ ಸೇರುವ ಮೊದಲೇ ಚಾರ್ಟ್‌ನಲ್ಲಿ ಇರುತ್ತದೆ.

ಮೊದಲು ನೋಡಬೇಕಾದದ್ದು ಕಚ್ಚಾತೈಲದ ಜೊತೆಗಿನ ನಂಟು. ಅಂತರರಾಷ್ಟ್ರೀಯ ಮಾನದಂಡವಾದ ಬ್ರೆಂಟ್ ಕಚ್ಚಾತೈಲದ ದರ ಏರಿದರೆ ತೈಲ ತೆಗೆಯುವ ಕಂಪನಿಯ ಷೇರೂ ಸಾಮಾನ್ಯವಾಗಿ ಏರುತ್ತದೆ. ಬ್ರೆಂಟ್ ಹೊಸ ಎತ್ತರ ಮುಟ್ಟಿದರೂ ಷೇರು ತನ್ನ ಹಿಂದಿನ ಶಿಖರದ ಕೆಳಗೇ ತಿರುಗಿಬಿಟ್ಟರೆ ಅದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ. ಷೇರಿನ ವಾರದ ಮುಕ್ತಾಯ ದರವನ್ನು ಇಂಧನ ವಲಯದ ಸೂಚ್ಯಂಕದಿಂದ ಭಾಗಿಸಿ, ಆ ಅನುಪಾತದ ಗೆರೆ ಎಳೆಯಿರಿ. ಗೆರೆ ಇಳಿಯುತ್ತಿದ್ದರೆ ತೊಂದರೆ ಕಂಪನಿಯದ್ದು. ಗೆರೆ ಸಮತಟ್ಟಾಗಿದ್ದೂ ಷೇರು ಬೀಳುತ್ತಿದ್ದರೆ ತೊಂದರೆ ಇಡೀ ವಲಯದ್ದು. ಸಂಸ್ಕರಣಾ ಕಂಪನಿಗಳಿಗೆ ಅಳತೆಗೋಲು ಬೇರೆ: ಕಚ್ಚಾತೈಲ ಅವು ಕೊಳ್ಳುವ ಸರಕು, ಆದ್ದರಿಂದ ಪೆಟ್ರೋಲ್, ಡೀಸೆಲ್ ದರಕ್ಕೂ ಕಚ್ಚಾತೈಲದ ದರಕ್ಕೂ ಇರುವ ಅಂತರವನ್ನು ನೋಡಬೇಕು. ಅವಧಿ ಮುಗಿಯುವ ಹೊಸ್ತಿಲಲ್ಲಿರುವ ಫ್ಯೂಚರ್ಸ್ (ಮುಂದೆ ಕೊಡುವ ಸರಕಿಗೆ ಇಂದೇ ದರ ಕಟ್ಟುವ ಕರಾರು) ದರವನ್ನಂತೂ ಹೋಲಿಕೆಗೆ ಬಳಸಬೇಡಿ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲ ಡಬ್ಲ್ಯುಟಿಐನ ಮೇ ಕರಾರು ದಿನದ ಕೊನೆಗೆ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ನಿಂತಿತ್ತು. ಜೂನ್ ಕರಾರು ಅದೇ ದಿನ 20 ಡಾಲರಿಗಿಂತ ಮೇಲೆಯೇ ಇತ್ತು.

50 ದಿನಗಳ ಸರಾಸರಿ ದರ 200 ದಿನಗಳ ಸರಾಸರಿ ದರದ ಕೆಳಗೆ ಇಳಿಯುವ ‘ಡೆತ್ ಕ್ರಾಸ್’ಗೆ ಹೆಸರಿನ ಅಬ್ಬರವೇ ಜಾಸ್ತಿ. ಅದು ಕಾಣುವ ಹೊತ್ತಿಗೆ ಇಳಿತದ ಒಂದು ಪಾಲು ಆಗಿಹೋಗಿರುತ್ತದೆ, ಅತ್ತಿತ್ತ ತೂಗುವ ಮಾರುಕಟ್ಟೆಯಲ್ಲಿ ಸುಳ್ಳು ಸಂಕೇತವನ್ನೂ ಕೊಡುತ್ತದೆ. 200 ದಿನಗಳ ಸರಾಸರಿ ಗೆರೆಯ ಓರೆಯೇ ಹೆಚ್ಚು ಉಪಯುಕ್ತ. ಇಂದಿನ ದರ 200 ವಹಿವಾಟು ದಿನಗಳ ಹಿಂದಿನ ದರಕ್ಕಿಂತ ಕಡಿಮೆ ಇದ್ದರೆ ಗೆರೆ ಇಳಿಯಲೇಬೇಕು. ಅದು ಇಳಿಮುಖವಾಗಿರುವಾಗ ಷೇರು ಮೇಲೆದ್ದು ಅದಕ್ಕೆ ತಾಗಿ ಮತ್ತೆ ಬಿದ್ದರೆ, ಆ ಏರಿಕೆ ಹಿಂದೆ ಕೊಂಡವರು ಮಾರಿ ಹೊರಬೀಳಲು ಬಳಸಿಕೊಂಡ ಬಾಗಿಲು ಎಂದೇ ತಿಳಿಯಬಹುದು. ಬಿದ್ದ ದಿನಗಳ ವಹಿವಾಟು 20 ದಿನಗಳ ಸರಾಸರಿಯ ಒಂದೂವರೆ ಪಟ್ಟು ದಾಟಿ, ಏರಿದ ದಿನಗಳದ್ದು ಸರಾಸರಿಗಿಂತ ಕಡಿಮೆ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಫ್ಯೂಚರ್ಸ್‌ನಂಥ ಡೆರಿವೇಟಿವ್ಸ್ ಕರಾರುಗಳ ಅವಧಿ ಮುಗಿಯುವ ದಿನ ಮತ್ತು ಸೂಚ್ಯಂಕದಲ್ಲಿ ಷೇರುಗಳ ತೂಕ ಬದಲಾಗುವ ದಿನವನ್ನು ಈ ಎಣಿಕೆಯಿಂದ ಬಿಡಿ. ಅಂದಿನ ವಹಿವಾಟಿಗೆ ಕಾರಣವೇ ಬೇರೆ.

ಆರ್‌ಎಸ್‌ಐ (ಇತ್ತೀಚಿನ ಏರಿಳಿತದ ಬಲವನ್ನು 0ಯಿಂದ 100ರ ಅಳತೆಯಲ್ಲಿ ತೋರುವ ಸೂಚಕ) 30ಕ್ಕಿಂತ ಕೆಳಗೆ ಹೋದರೆ ಕೊಳ್ಳಬೇಕು ಎಂಬುದು ಇನ್ನೊಂದು ತಪ್ಪು. ಚಾರ್ಟ್ ತಜ್ಞ ವೆಲ್ಸ್ ವೈಲ್ಡರ್ 1978ರಲ್ಲಿ ಪರಿಚಯಿಸಿದ ಈ 14 ದಿನಗಳ ಸೂಚಕ ಗಟ್ಟಿ ಇಳಿತದಲ್ಲಿ 30ರ ಕೆಳಗೆ ವಾರಗಟ್ಟಲೆ ಸುಳಿದಾಡಬಲ್ಲದು. ಮೇಲಿನ ತುದಿಯತ್ತ ಕಣ್ಣಿಡಿ: ಎರಡು ಏರಿಕೆಗಳಲ್ಲೂ 60ರ ಆಸುಪಾಸಿನಲ್ಲೇ ತಿರುಗಿದರೆ ಹಿಡಿತ ಮಾರುವವರ ಕೈಯಲ್ಲಿದೆ.

ಡಿವಿಡೆಂಡ್ (ಕಂಪನಿ ಹಂಚುವ ಲಾಭಾಂಶ) ಆಸೆಗೆ ಇಂಧನ ಷೇರು ಹಿಡಿದವರು ಬಹಳ. 100 ರೂಪಾಯಿಯ ಷೇರಿಗೆ 6 ರೂಪಾಯಿ ಡಿವಿಡೆಂಡ್ ಎಂದರೆ ಶೇ 6. ದರ 60ಕ್ಕೆ ಬಿದ್ದರೆ ಅದೇ ಡಿವಿಡೆಂಡ್ ಶೇ 10 ಆಗಿ ಕಾಣುತ್ತದೆ, ಕಂಪನಿ ಒಂದು ಪೈಸೆ ಹೆಚ್ಚು ಕೊಟ್ಟಿರುವುದಿಲ್ಲ. ಎಕ್ಸ್-ಡಿವಿಡೆಂಡ್ ದಿನ, ಅಂದರೆ ಅಂದಿನಿಂದ ಕೊಂಡವರಿಗೆ ಆ ಡಿವಿಡೆಂಡ್ ಸಿಗದ ದಿನ, 100ರ ಷೇರು 94ರ ಸುತ್ತ ತೆರೆದುಕೊಳ್ಳುವುದು ಸಹಜ. ಡಿವಿಡೆಂಡ್ ಕಳೆದು ಹಿಂದಿನ ದರಗಳನ್ನು ಹೊಂದಿಸದ ಚಾರ್ಟ್‌ನಲ್ಲಿ ಅದು ಸಪೋರ್ಟ್ (ಇಳಿತ ಮತ್ತೆ ಮತ್ತೆ ನಿಲ್ಲುವ ಮಟ್ಟ) ಮುರಿದಂತೆ ಕಾಣುತ್ತದೆ. ಡಿವಿಡೆಂಡ್‌ಗೆ ಹೊಂದಿಸಿದ ಚಾರ್ಟ್ ಬಳಸಿದರೆ ಈ ಗೊಂದಲ ಇರದು.

ಸ್ಟಾಪ್‌ಲಾಸ್ (ದರ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂಬ ಮುಂಗಡ ಆದೇಶ) ಹಾಕಿದ್ದೇನೆಂಬ ಧೈರ್ಯವೂ ಅರ್ಧ ಸತ್ಯ. ಷೇರುಪೇಟೆ ಮುಚ್ಚಿದ ಮೇಲೂ ಕಚ್ಚಾತೈಲದ ವಹಿವಾಟು ನಡೆಯುತ್ತಿರುತ್ತದೆ, ತೈಲ ರಫ್ತು ದೇಶಗಳ ಒಪೆಕ್ ಕೂಟದ ತೀರ್ಮಾನ ಭಾನುವಾರವೂ ಬರಬಹುದು. 95ಕ್ಕೆ ಇಟ್ಟ ಸ್ಟಾಪ್ ಮರುದಿನ 89ಕ್ಕೆ ಜಾರಿಯಾಗಬಹುದು. ಕೊಳ್ಳುವ ಷೇರುಗಳ ಸಂಖ್ಯೆಯನ್ನು ಆ 89ಕ್ಕೆ ಮಾರಿದರೆ ಆಗುವ ನಷ್ಟದ ಲೆಕ್ಕದಲ್ಲೇ ಇಳಿಸಿಕೊಳ್ಳಬೇಕು.

ಕನಿಷ್ಠ ದರದ ಪಟ್ಟಿಯಲ್ಲಿ ಪ್ರತಿ ಷೇರಿನ ಮುಂದೆ 200 ದಿನಗಳ ಸರಾಸರಿ, ಅಂದಿನ ವಹಿವಾಟು ಮತ್ತು 20 ದಿನಗಳ ಸರಾಸರಿ ವಹಿವಾಟು, ಈ ಮೂರು ಅಂಕಿಗಳನ್ನೂ ಅಚ್ಚು ಹಾಕಬೇಕೆಂದು ಕೋರಿಕೆ. ಅದಕ್ಕೆ ಬೇಕಾಗುವುದು ಮೂರು ಕಿರುಅಂಕಣದಷ್ಟು ಜಾಗ.

ಇತಿ,
ಒಬ್ಬ ಓದುಗ