ಡ್ರೈವರಣ್ಣನಿಗೆ, ಮತ್ತೆ ಉಳಿದವರಿಗೆ

ಕಳೆದ ಶುಕ್ರವಾರ ಅಮ್ಮನನ್ನು ಕೂರಿಸಿಕೊಂಡು ಮಂಗಳೂರಿನಿಂದ ಉಡುಪಿಗೆ ನಾನೇ ಕಾರು ಓಡಿಸಿಕೊಂಡು ಹೋಗಿ ಬಂದೆ. ಮಠದಲ್ಲಿ ಕನಕನ ಕಿಂಡಿಯ ಮುಂದೆ ಅಮ್ಮ ಸಾಕಷ್ಟು ಹೊತ್ತು ನಿಂತರು, ಊಟ ಮಾಡಿದರು, ಬರುವಾಗ ಪಡುಬಿದ್ರಿಯ ತನಕ ನಿದ್ದೆ ಹೋದರು. ನಾನು ಓಡಿಸುವಾಗ ಅಮ್ಮ ನಿದ್ದೆ ಹೋದರು ಎನ್ನುವುದೇ ನನ್ನ ಮಟ್ಟಿಗೆ ದೊಡ್ಡ ಸರ್ಟಿಫಿಕೇಟು. ಅದರ ಖುಷಿಯಲ್ಲಿ ಈ ಬರಹ.

ದುಬೈಯ ಶೇಖ್ ಝಾಯೆದ್ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿಸಿದವಳಿಗೆ ಉಡುಪಿಗೆ ಹೋಗಿ ಬರುವುದು ಏನು ಮಹಾ ಎಂದು ನೀವು ಕೇಳಬಹುದು. ಎಲ್ಲರೂ ಅದನ್ನೇ ಕೇಳಿದ್ದಾರೆ. ಹೊಸ ದೇಶಕ್ಕೆ ಹೋದವಳಿಗೆ ಕಲಿಸಲು ಹತ್ತು ಮಂದಿ ಇರುತ್ತಾರೆ. ಅಲ್ಲಿ ನಮ್ಮ ಭಾರತದ ಲೈಸೆನ್ಸನ್ನು ಹಾಗೇ ಬದಲಿಸಿ ಕೊಡುವುದಿಲ್ಲ, ಆದ್ದರಿಂದ ಮೊದಲಿನಿಂದ ಪಾಠ, ಪಾರ್ಕಿಂಗ್ ಪರೀಕ್ಷೆ, ರಸ್ತೆ ಪರೀಕ್ಷೆ; ತಪ್ಪಾದರೆ ಸಮಾಧಾನ ಹೇಳಲು ಗೆಳತಿಯರು, ಪಾಸಾದರೆ ಪಾರ್ಟಿ. ಬಿಟ್ಟುಹೋದ ಊರಿಗೆ ಮರಳಿ ಬಂದವಳಿಗೆ ಮಾತ್ರ ಕಲಿಯುವುದು ಏನೂ ಉಳಿದಿಲ್ಲ ಎಂದೇ ಎಲ್ಲರ ಲೆಕ್ಕ. ಹುಟ್ಟಿದ ಊರಲ್ಲವೇ, ಭಾಷೆ ಬರುತ್ತದಲ್ಲವೇ!

ಕೈಕಾಲಿಗೆ ಊರಿನ ನೆನಪು ಇರುವುದಿಲ್ಲ ಮಾರಾಯರೇ. ಬಲಗಡೆಯ ಸಂಚಾರಕ್ಕೆ ಒಗ್ಗಿದ ಕೈ ಗೇರಿಗೆಂದು ಹೋಗಿ ಬಾಗಿಲಿಗೆ ಬಡಿಯುತ್ತದೆ. ಇಂಡಿಕೇಟರ್ ಹಾಕಲು ಹೋದರೆ ಉರಿಬಿಸಿಲಿನಲ್ಲಿ ವೈಪರ್ ಓಡುತ್ತದೆ. ಅಡ್ಡರಸ್ತೆಯಿಂದ ಹೊರಡುವಾಗ ಕಣ್ಣು ಮೊದಲು ಎಡಕ್ಕೆ ತಿರುಗುತ್ತದೆ, ಬಸ್ಸು ಬಲದಿಂದ ಬಂದಿರುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲಿ ಸುಖ ಕಂಡ ಎಡಗಾಲಿಗೆ ಬಾವುಟಗುಡ್ಡೆಯ ಏರಿನಲ್ಲಿ ಕ್ಲಚ್ ಹಿಡಿದು ನಿಲ್ಲುವ ಶಿಕ್ಷೆ. ರಸ್ತೆಗಳಾದರೂ ಹಳೆಯವೇ? ನಾನು ಹೋಗುವಾಗ ರಾಷ್ಟ್ರೀಯ ಹೆದ್ದಾರಿ 17 ಆಗಿದ್ದದ್ದು ಬರುವಾಗ 66 ಆಗಿತ್ತು. 2020ರ ಜನವರಿಯಲ್ಲಿ ತೆರೆದ ಪಂಪ್‌ವೆಲ್ ಮೇಲ್ಸೇತುವೆಯ ಬಗ್ಗೆ ನನಗೆ ಗೊತ್ತಿದ್ದದ್ದು ವಾಟ್ಸಾಪಿನಲ್ಲಿ ಬರುತ್ತಿದ್ದ ತಮಾಷೆಗಳಷ್ಟೇ.

ನನ್ನ ಇಲ್ಲಿನ ಲೈಸೆನ್ಸಿನ ಅವಧಿಯೂ ಎಂದೋ ಮುಗಿದಿತ್ತು. 2019ರ ತಿದ್ದುಪಡಿ ಬಂದ ಮೇಲೆ ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ನೋಡೋಣ, ಮಳೆ ಮುಗಿಯಲಿ ಎಂದುಕೊಂಡು ನಾನು ರಿಕ್ಷಾದಲ್ಲೇ ಓಡಾಡುತ್ತಿದ್ದೆ.

ಜುಲೈಯ ಆ ರಾತ್ರಿ ಅಮ್ಮನಿಗೆ ಏನಾಯಿತು ಎಂಬುದು ನಿಮಗೆಲ್ಲ ಗೊತ್ತು. ನಿಮಗೆ ಗೊತ್ತಿಲ್ಲದ್ದು ಇಷ್ಟು: ಕಾರು ಅಂಗಳದಲ್ಲಿತ್ತು, ಕೀಲಿಕೈ ನನ್ನ ಕೈಯಲ್ಲಿತ್ತು, ದುಬೈಯ ಲೈಸೆನ್ಸ್ ಬ್ಯಾಗಿನಲ್ಲಿತ್ತು. ಅಮ್ಮನ ಉಸಿರು ಎಳೆಯುವ ಸದ್ದು ಜಗಲಿಯ ತನಕ ಕೇಳುತ್ತಿತ್ತು. ಆ ಕತ್ತಲೆಯಲ್ಲಿ, ಆ ಮಳೆಯಲ್ಲಿ ಕಾರನ್ನು ಗೇಟಿನಿಂದ ಹೊರಗೆ ತೆಗೆಯುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಅಷ್ಟು ನಿರುಪಯೋಗಿಯಾಗಿ ನಾನು ಬದುಕಿನಲ್ಲಿ ಎಂದೂ ನಿಂತದ್ದಿಲ್ಲ. ಈಗ ಬರೆಯುವಾಗಲೂ ಕೈ ನಡುಗುತ್ತದೆ.

ಪಕ್ಕದ ಮನೆಯ ಡ್ರೈವರಣ್ಣ ನಾನು ಕರೆದ ಸದ್ದಿಗೆ ಹೆಗಲ ಮೇಲಿನ ಬೈರಾಸಿನಲ್ಲೇ, ಬರಿಗಾಲಿನಲ್ಲೇ ಬಂದರು. ಹೆಸರು ಬರೆದರೆ ಅವರಿಗೆ ಸಿಟ್ಟು ಬರುತ್ತದೆ, ಬರೆಯುವುದಿಲ್ಲ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಸ್ಟೇರಿಂಗ್ ಹಿಡಿದೇ ಪ್ರಾಯ ಕಳೆದು ನಿವೃತ್ತರಾದವರು. ನಮ್ಮ ಓಣಿಗೆ ಈಗಲೂ ಡ್ರೈವರಣ್ಣನೇ. ಏನಾಯಿತು ಎಂದು ಕೇಳಲಿಲ್ಲ. ಅಮ್ಮನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು, ಕೀಲಿಕೈಗೆ ಕೈ ಚಾಚಿದರು. ಕೂಳೂರು ಸೇತುವೆ ದಾಟಿದರೆ ಕೊಟ್ಟಾರ ಚೌಕಿಯಲ್ಲಿ ನೀರು. ಎಲ್ಲಿ ನೀರು ಕಡಿಮೆ, ಎಲ್ಲಿ ಗುಂಡಿ ಎಂಬುದು ಅವರಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು, ಅದೂ ಅಮ್ಮನಿಗೆ: "ಅಕ್ಕಾ, ಮುಟ್ಟಿದೆವು."

ಆಸ್ಪತ್ರೆಗೆ ಮುಟ್ಟಿಸಿ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಒದ್ದೆ ಲುಂಗಿಯಲ್ಲೇ ಐಸಿಯು ಹೊರಗಿನ ಬೆಂಚಿನಲ್ಲಿ ಕುಳಿತರು. ಔಷಧಿಯ ಚೀಟಿ ಬಂದಾಗಲೆಲ್ಲ ನನ್ನ ಕೈಯಿಂದ ಕಿತ್ತುಕೊಂಡು ಹೋಗುತ್ತಿದ್ದರು. ನಾನು ಅತ್ತಾಗ ಸಮಾಧಾನ ಹೇಳಲಿಲ್ಲ, ಎದ್ದು ಹೋಗಿ ಎಲ್ಲಿಂದಲೋ ಬಿಸಿ ಚಹಾ ತಂದರು. ಡಾಕ್ಟರು ಹೊರಗೆ ಬಂದು "ಈಗ ಪರವಾಗಿಲ್ಲ" ಎಂದಾಗ ಬೆಳಕು ಹರಿದಿತ್ತು; ನೋಡಿದರೆ ಡ್ರೈವರಣ್ಣ ಬೆಂಚಿನಲ್ಲಿ ಇಲ್ಲ. ಅಮ್ಮ ವಾಂತಿ ಮಾಡಿದ್ದ ಹಿಂದಿನ ಸೀಟನ್ನು ಅವರು ನಲ್ಲಿಯಿಂದ ಬಾಲ್ದಿಯಲ್ಲಿ ನೀರು ಹೊತ್ತು ತಂದು, ಅದೇ ಬೈರಾಸಿನಿಂದ ಉಜ್ಜಿ ತೊಳೆಯುತ್ತಿದ್ದರು. ಉಳಿದದ್ದನ್ನೆಲ್ಲ ಇನ್ನೊಬ್ಬರು ಮಾಡಿಯಾರು. ಈ ಕೆಲಸವನ್ನು ಯಾರು ಮಾಡುತ್ತಾರೆ, ಹೇಳಿ. ಇದಕ್ಕೆ ಉಪಕಾರ ಎಂಬ ಶಬ್ದ ಬಳಸಲು ನನಗೆ ನಾಚಿಕೆಯಾಗುತ್ತದೆ.

ಅಮ್ಮ ಮನೆಗೆ ಬಂದ ಮೇಲೆ ಡ್ರೈವರಣ್ಣನೇ ಕೇಳಿದರು, "ತಂಗಿ, ಎಲ್‌ಎಲ್‌ಆರ್ ಯಾವಾಗ ಮಾಡಿಸುತ್ತೀ?" ನಿನಗೆ ಬರುತ್ತದಲ್ಲ ಎನ್ನದೆ, ಕಲಿಯಬೇಕಾಗಿದೆ ಎಂದು ಒಪ್ಪಿಕೊಂಡವರು ಅವರೊಬ್ಬರೇ.

ಅವರ ಪಾಠ ದುಬೈಯ ತರಗತಿಯ ಹಾಗಿರಲಿಲ್ಲ. ಬೆಳಗಿನ ಹೊತ್ತು ಪಣಂಬೂರು ಬೀಚಿನ ಕಡೆಯ ರಸ್ತೆಗೆ ಕರೆದುಕೊಂಡು ಹೋಗಿ ಮೊದಲು ಹೇಳಿದ್ದು ಇದು: "ಎಡ ಬಲ ಎಂದು ಮಂಡೆ ಬಿಸಿ ಮಾಡಬೇಡ. ಅಲ್ಲಿಯಾಗಲಿ ಇಲ್ಲಿಯಾಗಲಿ ಓಡಿಸುವವರು ಕುಳಿತುಕೊಳ್ಳುವುದು ರಸ್ತೆಯ ನಡುವಿನ ಕಡೆಗೆ. ನಾನು ಚರಂಡಿಯ ಕಡೆಗೆ ಇದ್ದೇನೋ ಇಲ್ಲವೋ, ಅಷ್ಟು ನೋಡು." ಆಮೇಲೆ ನನಗೆ ಎಡ ಬಲದ ಗೊಂದಲ ಬರಲಿಲ್ಲ. ದುಬೈಗೆ ಹೋಗುವ ಹುಡುಗಿಯರಿಗೂ ನಾನು ಇದನ್ನೇ ಹೇಳಿಕೊಡುತ್ತಿದ್ದೇನೆ. ಬಸ್ಸುಗಳ ಹಾರ್ನ್ ಕೇಳಿ ನಾನು ಬೆಚ್ಚಿದರೆ "ಅದು ಬೈಗುಳವಲ್ಲ, ಬಂದೆ ಎಂದು ಹೇಳುವುದು" ಎನ್ನುತ್ತಿದ್ದರು. ಆ ವಿಷಯದಲ್ಲಿ ಅವರು ತಮ್ಮವರ ಪಕ್ಷಪಾತಿ. ಕೆಲವು ಹಾರ್ನ್‌ಗಳು ಬೈಗುಳವೇ. ಮೂಡುಬಿದಿರೆಯ ರಸ್ತೆ ಬಂದು ಸೇರುವ ನಂತೂರಿನಲ್ಲಿ, ನಾಲ್ಕೂ ಕಡೆ ಲಾರಿಗಳ ನಡುವೆ ಗಾಡಿ ಆಫ್ ಆಗಿ ನಾನು ಬೆವರುತ್ತಿದ್ದಾಗ ಆ ಮಹಾನುಭಾವರು ಕಿಟಕಿಯಿಂದ ಕೈ ಹೊರಗೆ ಹಾಕಿ ಹಿಂದಿನವರನ್ನೆಲ್ಲ ನಿಲ್ಲಿಸಿದರು. ಗಾಡಿ ಮತ್ತೆ ಚಾಲೂ ಆದಾಗ ಕಂಡಕ್ಟರನ ಗತ್ತಿನಲ್ಲಿ ಬಾಗಿಲಿಗೆ ಬಡಿದು "ರೈಟ್, ಪೋಯಿ!" ಎಂದರು. ಆ ಲಾರಿಗಳ ನಡುವೆ ನನಗೆ ನಗು ತಡೆಯಲಾಗಲಿಲ್ಲ. ಪರೀಕ್ಷೆಯ ದಿನವೂ ಬಂದಿದ್ದರು, ಮರದ ಕೆಳಗೆ ಬೆನ್ನು ತಿರುಗಿಸಿ ನಿಂತಿದ್ದರು. ನೋಡಲು ಹೆದರಿಕೆಯಾಯಿತಂತೆ.

ಉಳಿದವರಿಗೂ ವಂದನೆ ಸಲ್ಲಬೇಕು: ಆಸ್ಪತ್ರೆಗೆ ದಿನವೂ ಗಂಜಿ, ಚಟ್ನಿ ಕಳುಹಿಸಿದ ಡ್ರೈವರಣ್ಣನ ಮನೆಯ ಅಕ್ಕನಿಗೆ, ಖರ್ಚಿನ ಲೆಕ್ಕ ಕೇಳದ ಬೆಂಗಳೂರಿನ ತಮ್ಮನಿಗೆ, ವಿಡಿಯೋ ಕರೆಯಲ್ಲೇ "ಎಡ, ಎಡ" ಎಂದು ಕಿರುಚುತ್ತಿದ್ದ ದುಬೈಯಲ್ಲಿರುವ ಯಜಮಾನರಿಗೆ, ಕೆಂಪು ಎಲ್ ಅಂಟಿಸಿದ ಮಗನಿಗೆ, ತನ್ನ ಹಳೆಯ ಆಲ್ಟೋವನ್ನು ನಮ್ಮ ಅಂಗಳದಲ್ಲಿ ಬಿಟ್ಟುಹೋದ ಭಾವನಿಗೆ. ಪ್ರತಿಯೊಬ್ಬರಿಗೂ ಒಂದೊಂದು ಪ್ಯಾರಾ ಬರೆಯಬೇಕಿತ್ತು ಎಂದು ನಿಮಗೆ ಅನಿಸಿದರೆ ಅನಿಸಲಿ.

ಡ್ರೈವರಣ್ಣ ಮೊಬೈಲಿನಲ್ಲಿ ಇಂಥದ್ದನ್ನು ಓದುವವರಲ್ಲ. ಅಕ್ಕ, ದಯವಿಟ್ಟು ರಾತ್ರಿ ಊಟದ ನಂತರ ಓದಿ ಹೇಳಿ. ಊಟಕ್ಕೆ ಮೊದಲು ಹೇಳಿದರೆ ಎದ್ದು ಹೋಗುತ್ತಾರೆ. ಓಣಿಯ ಉಳಿದವರು ಕೇಳಿ: ರಾತ್ರಿ ಎಷ್ಟು ಹೊತ್ತಿಗೆ ಗಾಡಿ ಬೇಕಾದರೂ ಇನ್ನು ಅವರೊಬ್ಬರ ಬಾಗಿಲನ್ನೇ ತಟ್ಟಬೇಕೆಂದಿಲ್ಲ, ನಮ್ಮ ಮನೆಯ ಗೇಟಿಗೆ ಬೀಗ ಹಾಕುವುದಿಲ್ಲ.

ಭಾವ, ಮುಂದಿನ ವಾರ ಆಲ್ಟೋ ಮರಳಿಸುತ್ತೇನೆ, ಟ್ಯಾಂಕ್ ತುಂಬಿಸಿಯೇ. ಎಡಗಡೆಯ ಬಂಪರಿನ ಗೀರು ಮೊದಲೇ ಇದ್ದದ್ದು. ಡ್ರೈವರಣ್ಣ ಸಾಕ್ಷಿ.