ನಿನ್ನ ಗದ್ದೆಯ ಬಗ್ಗೆ ಒಂದು ಮಾತು

ಪ್ರೀತಿಯ ಗೆಳೆಯಾ,

ಡೊಂಬಿವಲಿಯಲ್ಲಿ ಸೆಕೆ ತಡೆಯಲು ಆಗುವುದಿಲ್ಲ, ಊರಿನ ಸುದ್ದಿಯಾದರೂ ಬರೆ ಅಂದಿದ್ದೆ. ಬರೆಯುತ್ತಿದ್ದೇನೆ. ನಿನ್ನ ಹಾಗೆ ಇಲ್ಲಿ ಗದ್ದೆ, ಮನೆ ಬಿಟ್ಟು ಮುಂಬೈಗೆ ಹೋದವರು ತುಂಬಾ ಜನ ಇದ್ದಾರಲ್ಲ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ.

ಮಳೆ ಬಿಟ್ಟಿದೆ. ಪೂರ್ತಿ ಬಿಟ್ಟಿಲ್ಲ. ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಮೋಡ ಏಳುತ್ತದೆ, ಸಂಜೆ ಗುಡುಗು, ಸಿಡಿಲು, ಆಮೇಲೆ ಕರೆಂಟಿಲ್ಲ. ಆದರೆ ಬೆಳಗ್ಗೆ ಒಳ್ಳೆಯ ಬಿಸಿಲು. ಜೂನ್‌ನಿಂದ ಮುಚ್ಚಿಯೇ ಇದ್ದ ಕಿಟಕಿಗಳು ತೆರೆದಿವೆ. ಎಲ್ಲರ ಅಂಗಳದಲ್ಲೂ ಹಾಸಿಗೆ, ದಿಂಬು, ಬೂಷ್ಟು ಹಿಡಿದ ಚೀಲಗಳು ಒಣಗುತ್ತಿವೆ. ಮುರಕಲ್ಲಿನ ಕಾಂಪೌಂಡ್ ಮೇಲಿನ ಪಾಚಿ ಕಪ್ಪಾಗಿ ಸಿಪ್ಪೆ ಏಳುತ್ತಿದೆ. ಮಳೆಗಾಲದಲ್ಲಿ ಪಕ್ಕದ ಮನೆಯವರು ಕರೆದರೂ ಕೇಳುವುದಿಲ್ಲ, ಅಷ್ಟು ಸದ್ದು. ಈಗ ಎದುರು ಮನೆಯ ಬಾಯಮ್ಮ ಬಾವಿಕಟ್ಟೆಯಲ್ಲಿ ನಿಂತೇ ನಮ್ಮ ಅಮ್ಮನ ಹತ್ತಿರ ಅರ್ಧ ಗಂಟೆ ಮಾತಾಡುತ್ತಾರೆ. ನನಗೆ ಆ ಮಾತು ಕೇಳಿಸಿದರೇ ಸಮಾಧಾನ. ಮೀನಿನವರ ಸ್ಕೂಟರ್ ಹಾರ್ನ್ ಕೂಡ ಬೆಳಗ್ಗೆ ಸರಿಯಾಗಿ ಕೇಳುತ್ತದೆ. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿದ ಮೇಲೆ ಮಲ್ಪೆಯ ಬಂಗುಡೆಗೆ ಬರವಿಲ್ಲ.

ರಾತ್ರಿ ಊಟ ಮಾಡಿ ಹೊರಗೆ ಬಂದರೆ ಹಾಲೆ ಮರದ ಹೂವಿನ ವಾಸನೆ. ತುಳು ತಿಂಗಳು ಆಟಿಯ ಅಮಾವಾಸ್ಯೆಗೆ ನಿನ್ನ ಅಪ್ಪ ಬೆಳಕು ಹರಿಯುವ ಮೊದಲು ಹೋಗಿ, ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಿದ್ದರಲ್ಲ, ಅದೇ ಮರ. ಆ ಕಷಾಯದ ಕಹಿಗೆ ನಾವಿಬ್ಬರೂ ಓಡಿ ಹೋಗುತ್ತಿದ್ದೆವು. ಈಗ ನೋಡು, ಅದೇ ಮರ ಇಡೀ ಬೀದಿಗೆ ಪರಿಮಳ ಹರಡಿದೆ. ಕೆಲವರಿಗೆ ಈ ವಾಸನೆಗೆ ತಲೆನೋವು ಬರುತ್ತದೆ. ನನಗೆ ಇದಿಲ್ಲದೆ ದೀಪಾವಳಿ ಹತ್ತಿರ ಬಂತು ಅನ್ನಿಸುವುದೇ ಇಲ್ಲ. ನವರಂಗ ಹಕ್ಕಿಯೂ ಉತ್ತರದಿಂದ ಬಂದಾಯಿತು. ನಿಮ್ಮ ಹಿತ್ತಲಿನ ತರಗೆಲೆ ಕೆದಕುತ್ತಾ ಕುಪ್ಪಳಿಸುತ್ತದೆ, ಸಂಜೆ ಒಮ್ಮೆ ಜೋರಾಗಿ ಕೂಗುತ್ತದೆ.

ಈಗ ಮುಖ್ಯ ವಿಷಯ.

ಸೆಪ್ಟೆಂಬರ್ 8ಕ್ಕೆ ಬಾಯಮ್ಮನ ಮನೆಯಲ್ಲಿ ಮೊಂತಿ ಹಬ್ಬ, ಅಂದರೆ ಕ್ರೈಸ್ತರ ತೆನೆ ಹಬ್ಬ ಆಯಿತು. ಕಲ್ಯಾಣಪುರದ ಇಗರ್ಜಿಯಲ್ಲಿ ಆಶೀರ್ವಾದ ಮಾಡಿ ಕೊಟ್ಟ ತೆನೆಯನ್ನು ಮನೆಗೆ ತಂದು, ಹೊಸ ಭತ್ತದ ಅಕ್ಕಿ ಪಾಯಸಕ್ಕೆ ಹಾಕಿ, ನಮಗೂ ಕೊಟ್ಟರು. ನವರಾತ್ರಿಗೆ ನಮ್ಮ ಮನೆಯಲ್ಲಿ ಕದಿರು, ಅಂದರೆ ಭತ್ತದ ತೆನೆ ಕಟ್ಟಿದೆವು. ಮಾವಿನೆಲೆ, ಹಲಸಿನೆಲೆ, ಬಿದಿರಿನ ಎಲೆ ಜೊತೆಗೆ ಕದಿರು ಇಟ್ಟು ನಾರಿನಲ್ಲಿ ಸುತ್ತಿ ಬಾಗಿಲಿಗೆ, ಬಾವಿಗೆ, ತೆಂಗಿನ ಮರಕ್ಕೆ, ನನ್ನ ಬೈಕಿಗೆ. ಬಾಡಿಗೆ ಮನೆಯವರೂ ಕೇಳಿ ತೆಗೆದುಕೊಂಡು ಹೋಗಿ ಕಟ್ಟಿದರು. ಮೊದಲು ಈ ಕದಿರು ಬರುತ್ತಿದ್ದದ್ದು ನಿಮ್ಮ ಗದ್ದೆಯಿಂದ, ನೆನಪಿದೆ ಅಲ್ವಾ? ಕೊಯ್ಲಿಗೆ ಮೊದಲು ನಿನ್ನ ಅಪ್ಪ ಒಂದು ಹಿಡಿ ಕದಿರು ತಲೆಯ ಮೇಲೆ ಇಟ್ಟುಕೊಂಡು ತರುತ್ತಿದ್ದರು. ದಾರಿಯಲ್ಲಿ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಮನೆಗೆ ತಂದ ಮೇಲೆ ಸುತ್ತಲಿನ ಎಲ್ಲರಿಗೂ ಹಂಚುತ್ತಿದ್ದರು. ಈ ಸಲ ನಾನು ದೇವಸ್ಥಾನದಿಂದ ತಂದೆ. ಅಲ್ಲಿಗೆ ಬೇರೆ ಊರಿನ ಗದ್ದೆಯಿಂದ ಬಂದದ್ದು. ನಮ್ಮ ಬೀದಿಯ ಸುತ್ತ ಈಗ ಭತ್ತ ಬೆಳೆಯುವ ಗದ್ದೆ ಒಂದೂ ಇಲ್ಲ ಮಾರಾಯ.

ಬಲಿಪಾಡ್ಯವೂ ಹೀಗೆಯೇ. ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನು ಕರೆಯಬೇಕು. ಉಪ್ಪು ಕರ್ಪೂರವಾಗುವ ಕಾಲಕ್ಕೆ, ಉದ್ದು ಮದ್ದಳೆಯಾಗುವ ಕಾಲಕ್ಕೆ ಬಾ ಅಂತ ಹಿರಿಯರು ತುಳುವಿನಲ್ಲಿ ಹೇಳುವುದು, ನಾವು ಹಿಂದಿನಿಂದ ‘ಕೂ’ ಹಾಕುವುದು. ಒಂದು ಬೈಲಿನ ಕೂಗಿಗೆ ಇನ್ನೊಂದು ಬೈಲಿನವರು ಕೂಗುತ್ತಿದ್ದರು. ಈಗ ತುಳಸಿಕಟ್ಟೆಯ ಹತ್ತಿರ ಕರೆಯುತ್ತೇವೆ, ಫ್ಲ್ಯಾಟಿನವರು ಟೆರೇಸ್‌ನಲ್ಲಿ. ಅದೂ ಒಳ್ಳೆಯದೇ, ನಿಲ್ಲಿಸಿಲ್ಲ ಅಲ್ವಾ. ಆದರೆ ಅವನು ಬಂದು ನೋಡಬೇಕಾದ್ದು ಬೆಳೆಯನ್ನು. ಅದು ನನಗೆ ಪ್ರತಿ ವರ್ಷ ಜಾಸ್ತಿ ನೋವು ಕೊಡುತ್ತಿದೆ.

ನಿಮ್ಮದು ಮಜಲು ಗದ್ದೆ. ಮಳೆಗಾಲದ ಏಣಿಲು, ಅದರ ನಂತರದ ಸುಗ್ಗಿ ಎರಡೂ ಬೆಳೆಯುತ್ತಿದ್ದ ಗದ್ದೆ. ಅಪ್ಪ ಹೋದ ಮೇಲೆ ಬೇಸಾಯವಿಲ್ಲದೆ ಹಡಿಲು ಬಿದ್ದಿದೆ. ಹುಲ್ಲು ಆಳೆತ್ತರ. ಗದ್ದೆಯ ಬದು, ಆ ಕಟ್ಟಪುಣಿ ಅಲ್ಲಲ್ಲಿ ಒಡೆದಿದೆ. ಮಳೆಗಾಲದಲ್ಲಿ ನಾನು ಕೊಡೆ ಹಿಡಿದು ನಿಂತು ನೋಡಿದೆ. ಬಿದ್ದ ನೀರು ನಿಲ್ಲುವುದೇ ಇಲ್ಲ. ಒಡೆದ ಜಾಗದಿಂದ ತೋಡಿಗೆ, ತೋಡಿನಿಂದ ಸ್ವರ್ಣಾ ಹೊಳೆಗೆ, ಅಲ್ಲಿಂದ ಸಮುದ್ರಕ್ಕೆ. ಬೇಸಾಯ ಇದ್ದಾಗ ಅದೇ ನೀರು ಕಟ್ಟಪುಣಿಯ ಒಳಗೆ ತಿಂಗಳುಗಟ್ಟಲೆ ನಿಂತು ಮೆಲ್ಲಗೆ ಇಂಗುತ್ತಿತ್ತು. ಕೆಳಗಿನ ಬಾವಿಗಳಿಗೆಲ್ಲ ಅದೇ ಆಧಾರ. ನಮ್ಮ ಬಾವಿ ಆಗ ಮೇ ಕೊನೆಯವರೆಗೆ ಬತ್ತುತ್ತಿರಲಿಲ್ಲ. ಈಗ ಏಪ್ರಿಲ್‌ಗೇ ಪಂಪು ಗಾಳಿ ಎಳೆಯುತ್ತದೆ. ಬೋರ್‌ವೆಲ್ ಕೂಡ ಹೆಚ್ಚಾಗಿವೆ, ಗದ್ದೆ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಇಷ್ಟು ಮಳೆ ಬೀಳುವ ಊರಿನಲ್ಲಿ ಟ್ಯಾಂಕರ್ ನೀರು ತರಿಸುವುದು ಸರಿಯಲ್ಲ.

ನಿನ್ನ ಹೆದರಿಕೆ ನನಗೆ ಗೊತ್ತು. 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಗೇಣಿಯವರು ಡಿಕ್ಲರೇಷನ್ ಕೊಟ್ಟು ನಿನ್ನ ಅಜ್ಜನ ಗದ್ದೆ ಹೋದದ್ದನ್ನು ನಿಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಆ ಗದ್ದೆ ಉಳುತ್ತಿದ್ದವರಿಗೆ ಸಿಕ್ಕಿದ್ದು ನ್ಯಾಯವೇ, ಅದು ಬೇರೆ ಮಾತು. ಆದರೆ ಆಗಿನಿಂದ ಗದ್ದೆಯನ್ನು ಬೇರೆಯವರ ಕೈಗೆ ಕೊಡಬಾರದು ಅನ್ನುವ ಭಯ ನಮ್ಮ ಕಡೆ ಮನೆಮನೆಯಲ್ಲಿ ಉಳಿಯಿತು. ಗದ್ದೆ ಹಡಿಲು ಬಿಡಲು ಆಳು ಸಿಗದಿರುವುದು ಒಂದು ಕಾರಣವಾದರೆ, ಈ ಭಯ ಇನ್ನೊಂದು. 2021ರಲ್ಲಿ ಉಡುಪಿ ಸುತ್ತಮುತ್ತ ಹಡಿಲು ಗದ್ದೆಗಳಲ್ಲಿ ಮತ್ತೆ ಬೇಸಾಯ ಮಾಡುವ ಆಂದೋಲನ ನಡೆಯಿತಲ್ಲ. ಗದ್ದೆ ಬಿಟ್ಟುಕೊಟ್ಟವರ ಜಾಗ ಅವರದೇ ಆಗಿ ಉಳಿದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಮ್ಮ ಮೇಲಿನ ಮನೆಯ ಅಣ್ಣ ನಿನ್ನ ಗದ್ದೆಯಲ್ಲಿ ಬೇಸಾಯ ಮಾಡಲು ತಯಾರಿದ್ದಾರೆ. ಗೇಣಿ ಬೇಡ, ಬರೀ ಒಂದು ಬೆಳೆಗೆ ನಿನ್ನ ಒಪ್ಪಿಗೆ ಸಾಕು. ಚಾಪೆಯ ಹಾಗೆ ಸಸಿ ಬೆಳೆಸಿ, ಅಂದರೆ ಚಾಪೆ ನೇಜಿ ಮಾಡಿ, ಯಂತ್ರದಲ್ಲೇ ನಾಟಿ, ಕಟಾವೂ ಯಂತ್ರದಲ್ಲೇ. ಬೀಜ ಎಂಒ4 ಅನ್ನುವ ಭತ್ತದ ತಳಿ ಅಂತ ಅವರೇ ಹೇಳಿದರು. ಕಳೆ ಕೀಳಲು ನಾನು, ಬಾಯಮ್ಮನ ಮಗ, ಬಾಡಿಗೆ ಮನೆಯ ಹುಡುಗರು ಇದ್ದೇವೆ. ಅಕ್ಕಿಯಲ್ಲಿ ನಿನಗೆ ಪಾಲು ಕಳಿಸುತ್ತೇವೆ. ಬೈಹುಲ್ಲು ಅಣ್ಣನ ದನಗಳಿಗೆ.

ದೀಪಾವಳಿಗೆ ಎರಡು ದಿನ ಮೊದಲೇ ಬಾ. ಇಂದ್ರಾಳಿ ಸ್ಟೇಷನ್ನಿಗೆ ನಾನು ಬರುತ್ತೇನೆ. ಬರುವಾಗ ಪಹಣಿಯ ಪ್ರತಿ ಮರೆಯಬೇಡ, ಗಡಿ ನೋಡಬೇಕು. ತೋಡಿನ ಕಡೆಯ ಕಟ್ಟಪುಣಿ ಎಲ್ಲಿತ್ತು ಅಂತ ಈಗ ನಿನಗೊಬ್ಬನಿಗೇ ಸರಿಯಾಗಿ ಗೊತ್ತಿರುವುದು. ಜನವರಿಗೆ ಹುಲ್ಲು, ಪೊದೆ ಕಡಿಯಲು ಶುರು ಮಾಡಿದರೆ ಮಾತ್ರ ಮೇ ತಿಂಗಳಲ್ಲಿ ಉಳಲು ಆಗುತ್ತದೆ ಅಂತಾರೆ ಅಣ್ಣ. ಮನೆಯಲ್ಲಿ ಅತ್ತಿಗೆ ಹತ್ತಿರ, ನಿನ್ನ ತಮ್ಮನ ಹತ್ತಿರ ಮಾತಾಡಿ, ಹೂಂ ಅಥವಾ ಊಹೂಂ, ಏನಿದ್ದರೂ ಈ ವಾರವೇ ತಿಳಿಸು.

ಇತಿ,
ನಿನ್ನ ಗೆಳೆಯ
ಸಂತೆಕಟ್ಟೆ, ಉಡುಪಿ