ಹೊಂಡದ ಮೆಟ್ಟಿಲ ಮೇಲಿನ ಒಂದು ನಿಮಿಷ

ಚಿತ್ರದುರ್ಗ
ರಾತ್ರಿ ಹನ್ನೊಂದೂವರೆ

ಪ್ರೀತಿಯ ಪುಟ್ಟಿಗೆ,

ಗೋಡೆಯಾಚೆ ನೀನು ಬ್ಯಾಗಿನ ಜಿಪ್ಪನ್ನು ಮೂರನೆಯ ಸಲ ತೆಗೆದು ಹಾಕಿದ ಸದ್ದು ಈಗಷ್ಟೇ ಕೇಳಿಸಿತು. ಎದ್ದು ಬಂದು ಮಾತನಾಡಬಹುದಿತ್ತು. ಆದರೆ ನೀನು ಮಾತು ಬಿಟ್ಟು ಎರಡು ದಿನವಾಯಿತು. ಮಾತಿಗೆ ನಿಂತರೆ ನಾನು ನಡುವೆ ಅಳುತ್ತೇನೆ, ನನ್ನ ಅಳು ಕಂಡರೆ ನಿನಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಬರಹವಾದರೆ ನೀನು ನಿನ್ನ ಸಮಯಕ್ಕೆ, ಬೇಕೆಂದರೆ ನಾಳೆ ಹಂಪಿಯ ದಾರಿಯಲ್ಲಿ ಕೂಡ್ಲಿಗಿ ದಾಟಿದ ಮೇಲೆ, ಓದಿಕೊಳ್ಳಬಹುದು.

ಮೊದಲು ತಪ್ಪೊಪ್ಪಿಗೆ. ಹೊಸಪೇಟೆಯ ಆ ಲಾಡ್ಜಿಗೆ ಫೋನು ಮಾಡಿ, ‘ನಮ್ಮ ಹುಡುಗಿ ಸ್ವಲ್ಪ ಬೇರೆ ಥರ, ಒಬ್ಬಳೇ ಬರುತ್ತಿದ್ದಾಳೆ, ಒಂದು ಕಣ್ಣಿಟ್ಟಿರಿ’ ಎಂದವಳು ನಾನೇ. ಆತ ಕಣ್ಣಿಡುವ ಬದಲು ನಿನಗೇ ಫೋನು ಮಾಡಿ, ಹಿರಿಯರು ಯಾರಾದರೂ ಜೊತೆಗಿದ್ದರೆ ಮಾತ್ರ ರೂಮು ಎಂದುಬಿಟ್ಟ. ಇಪ್ಪತ್ತೇಳು ತುಂಬಿ, ಐದು ವರ್ಷದಿಂದ ಆಡಿಟರ ಕಚೇರಿಯಲ್ಲಿ ದುಡಿಯುತ್ತಿರುವ ನಿನಗೆ ಆ ಮಾತು ಕೇಳಿಸಿಕೊಳ್ಳುವ ಗತಿ ತಂದವಳು ಹೆತ್ತ ತಾಯಿ. ‘ನನ್ನ ವಿಷಯವನ್ನು ಯಾರಿಗೆ ಹೇಳಬೇಕು ಎನ್ನುವುದು ನನಗೆ ಬಿಟ್ಟದ್ದು’ ಎಂದು ನೀನು ಹೇಳಿದೆ. ಅಂದು ನಾನು ಒಪ್ಪಲಿಲ್ಲ. ಈಗ ಒಪ್ಪಿದ್ದೇನೆ, ಪೂರ್ತಿ ಒಪ್ಪಿದ್ದೇನೆಂದು ಬರೆದರೆ ಸುಳ್ಳಾದೀತು.

ಫೋನು ಕೈಗೆತ್ತಿಕೊಂಡಾಗ ನನ್ನ ಕಣ್ಣ ಮುಂದೆ ಇದ್ದದ್ದು ಹಂಪಿಯಲ್ಲ, ನಮ್ಮ ಕೋಟೆ. ನಿನಗೆ ಒಂಬತ್ತು ವರ್ಷ. ದಾವಣಗೆರೆಯಿಂದ ನಿನ್ನ ಸೋದರತ್ತೆಯ ಮನೆಯವರೆಲ್ಲ ಬಂದಿದ್ದರು, ಮಳೆ ಚೆನ್ನಾಗಿ ಹಿಡಿದಿದ್ದ ವರ್ಷ. ಒನಕೆ ಓಬವ್ವನ ಕಿಂಡಿಯ ಹತ್ತಿರ ಮಕ್ಕಳು ಒಬ್ಬೊಬ್ಬರಾಗಿ ನುಸುಳುತ್ತ ಕಿರುಚುತ್ತಿದ್ದಾಗ ನೀನು ಎರಡೂ ಕಿವಿ ಮುಚ್ಚಿ ನಿಂತಿದ್ದೆ. ಅದನ್ನು ನೋಡಿದ್ದೆ. ನೋಡಿಯೂ ಅತ್ತೆಯವರಿಗೆ ಚಿತ್ರಾನ್ನದ ಡಬ್ಬಿ ತೆಗೆದುಕೊಡುವುದರಲ್ಲಿ ಮುಳುಗಿದೆ. ಆಮೇಲೆ ಎಣಿಸಿದರೆ ಒಂದು ತಲೆ ಕಡಿಮೆ.

ಏಕನಾಥೇಶ್ವರಿ ಗುಡಿಯ ಹತ್ತಿರ ಹುಡುಕಿದೆವು, ಉಯ್ಯಾಲೆ ಕಂಬದ ಬಳಿ ಹುಡುಕಿದೆವು. ಅಪ್ಪ ಕೆಳಗಿನ ಬಾಗಿಲಿನವರೆಗೆ ಓಡಿ ಹೋಗಿ ಬಂದರು. ಎರಡು ಗಂಟೆ. ನಾನು ಒಂದೊಂದು ಹೊಂಡದ ಬಳಿಯೂ ನಿಂತು ಮೊದಲು ನೀರಿನ ಮೇಲೆ ನೋಡುತ್ತಿದ್ದೆ, ಆಮೇಲೆ ದಡ. ಕಡೆಗೆ ಅಕ್ಕ ತಂಗಿ ಹೊಂಡದ ಮೆಟ್ಟಿಲ ಮೇಲೆ ನೀನು ಕುಳಿತಿದ್ದೆ. ಬಲಗಾಲಿನ ಚಪ್ಪಲಿ ಒದ್ದೆಯಾಗಿತ್ತು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಅದರ ಬೆನ್ನು ಹಿಡಿದು ಬಂದಿದ್ದೆ. ನಾನು ಕೆನ್ನೆಗೆ ಹೊಡೆದೆ. ಅತ್ತೆ, ಅವರ ಮಕ್ಕಳು, ಯಾರೋ ಪ್ರವಾಸಿಗರು, ಎಲ್ಲರೂ ನೋಡುತ್ತಿದ್ದರು.

ಇಷ್ಟು ನಿನಗೂ ಗೊತ್ತು. ಗೊತ್ತಿಲ್ಲದ್ದನ್ನು ಬರೆಯಲು ಇಷ್ಟು ಸುತ್ತಿ ಬಂದೆ.

ನಿನ್ನನ್ನು ಕಂಡ ಕೂಡಲೇ ನಾನು ಹೊಡೆಯಲಿಲ್ಲ. ಬಂಡೆಯ ಮರೆಯಲ್ಲಿ ಒಂದು ನಿಮಿಷ ನಿಂತಿದ್ದೆ. ನೀನು ಬೆರಳಿನಲ್ಲಿ ಮೆಟ್ಟಿಲೆಣಿಸುತ್ತ, ಯಾರೊಡನೆಯೋ ಅಲ್ಲ, ನೀರಿನೊಡನೆ ಎಂಬಂತೆ ಮೆಲ್ಲಗೆ ಮಾತನಾಡುತ್ತಿದ್ದೆ. ಶಾಲೆಯಲ್ಲಾಗಲಿ ಮದುವೆ ಮನೆಗಳಲ್ಲಾಗಲಿ ನಿನ್ನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಕಂಡಿರಲಿಲ್ಲ. ನೀನು ತಪ್ಪಿಸಿಕೊಂಡಿಲ್ಲ ಎಂದು ಆ ನಿಮಿಷದಲ್ಲೇ ನನಗೆ ಗೊತ್ತಾಗಿತ್ತು. ಹಾಗಿದ್ದೂ ಹೊಡೆದೆ. ಹೆದರಿ ಹೊಡೆದೆ ಎಂದು ಹದಿನೆಂಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಹೆದರಿಕೆ ಆಗಲೇ ಇಳಿದಿತ್ತು. ನಾವು ಯಾರೂ ಜೊತೆಗಿಲ್ಲದಾಗ ನೀನು ಅಷ್ಟು ಸುಖವಾಗಿದ್ದೀಯಲ್ಲ ಎಂಬ ಸಿಟ್ಟು ಅದು. ಲಾಡ್ಜಿಗೆ ಮಾಡಿದ ಫೋನೂ ಅದೇ ಕೈಯದು.

ಮೂರು ವರ್ಷದ ಹಿಂದೆ ಬೆಂಗಳೂರಿನ ಆಸ್ಪತ್ರೆಯಲ್ಲಿ, ಆಟಿಸಂ ಅಳೆಯಲು ನಮ್ಮ ದೇಶದಲ್ಲಿ ಬಳಸುವ 40 ಅಂಶಗಳ ಪಟ್ಟಿ ಹಿಡಿದು ವೈದ್ಯರು ನಿನ್ನ ಬಾಲ್ಯದ ಬಗ್ಗೆ ನನ್ನನ್ನು ಕೇಳುತ್ತಿದ್ದಾಗ, ಈ ಹೊಂಡದ ಸಂಗತಿಯನ್ನು ಹೇಳಿದೆ, ಏಟಿನ ಸಂಗತಿಯನ್ನು ಬಿಟ್ಟೆ. ಊರಿಗೆ ಬಂದ ಮೇಲೆ ರಾತ್ರಿಯೆಲ್ಲ ಓದಿದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ ಮೊದಲು ಬರೆದದ್ದು ಹನ್ನೊಂದು ಮಕ್ಕಳ ಬಗ್ಗೆ. ಅವರಲ್ಲಿ ಹುಡುಗಿಯರು ಮೂವರೇ. ಹುಡುಗಿಯರನ್ನು ಗುರುತಿಸುವುದೇ ತಡ ಎಂದು ಈಗ ಹೇಳುತ್ತಾರೆ. ತಾಯಂದಿರ ಮನಸ್ಸು ತಣ್ಣಗಿದ್ದರೆ ಮಕ್ಕಳು ಹೀಗಾಗುತ್ತಾರೆ ಎಂದು ಹಿಂದೆ ದೊಡ್ಡವರೇ ಬರೆದಿದ್ದರಂತೆ. ಅದು ಸುಳ್ಳೆಂದು ಸಾಬೀತಾಗಿ ಎಷ್ಟೋ ಕಾಲವಾಗಿದೆ, ಆದರೂ ಅದನ್ನು ಓದಿ ಮುಗಿಸಿದ ಮೇಲೆ ಎದ್ದು ಬಂದು, ನಿದ್ದೆಯಲ್ಲಿದ್ದ ನಿನ್ನ ಹಣೆ ಮುಟ್ಟಿದೆ. ನೀನು ಕೈ ತಳ್ಳಿ ಮಗ್ಗುಲಾದೆ. ನಿನಗೆ ಮೆಲ್ಲಗೆ ಮುಟ್ಟುವುದು ಆಗಿಬರುವುದಿಲ್ಲ, ಒತ್ತಿ ಹಿಡಿದರೆ ಸರಿ ಎಂದು ಆಗಿನ್ನೂ ನೀನು ನನಗೆ ಹೇಳಿರಲಿಲ್ಲ.

ಇನ್ನು ನಾಳೆಯ ಮಾತು. ಬುದ್ಧಿ ಹೇಳುವುದಿಲ್ಲ ಎಂದುಕೊಂಡೇ ಕುಳಿತೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳಿಗೆ ಅದು ಕಷ್ಟ. ವೇಗದೂತ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ಹಣವಿಲ್ಲ, ಆದರೆ ಆಧಾರ್ ಕಾರ್ಡನ್ನು ಕೈಗೆಟುಕುವಲ್ಲಿ ಇಟ್ಟುಕೋ. ಕಂಡಕ್ಟರು ಅವಸರ ಮಾಡಿದರೆ ಬ್ಯಾಗು ತಡಕಾಡುತ್ತ ನಿನಗೆ ಗಾಬರಿಯಾಗುತ್ತದೆ. ಶೂನ್ಯ ಟಿಕೆಟ್ಟನ್ನೂ ಬಿಸಾಡಬೇಡ, ತಪಾಸಣೆಯವರು ಕೇಳುತ್ತಾರೆ. ತುರ್ತಿಗೆ 112. ಕಿವಿಗೆ ಹಾಕುವ ಹೆಡ್‌ಫೋನಿನ ಚಾರ್ಜು ಮುಗಿದರೆ ಎಂದು ಮೇಣದ ಇಯರ್‌ಪ್ಲಗ್ಗುಗಳನ್ನು ಪಕ್ಕದ ಜೇಬಿನಲ್ಲಿ ಹಾಕಿದ್ದೇನೆ. ‘ಒಬ್ಬಳೇ ಬಂದಿದ್ದೀಯೇನಮ್ಮ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಣ್ಣ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾನೆ ಎಂದು ಹೇಳು ಎನ್ನಬೇಕೆನಿಸಿತು, ಆದರೆ ನಿನಗೆ ಅಣ್ಣನೂ ಇಲ್ಲ, ಸುಳ್ಳು ಹೇಳಲೂ ಬರುವುದಿಲ್ಲ. ಉತ್ತರವನ್ನೇ ಕೊಡಬೇಡ. ಹಿರಿಯರು ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಡಬೇಕೆಂದು ನಾನೇ ಕಲಿಸಿದ್ದೆ. ಆ ಪಾಠವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ರೂಮಿನ ನಂಬರನ್ನಂತೂ ಯಾರು ಕೇಳಿದರೂ ಹೇಳಕೂಡದು, ಎಷ್ಟೇ ನಯವಾಗಿ ಕೇಳಲಿ. ಊಟದ ಹೊತ್ತು ಮರೆಯಬೇಡ. ಕೆತ್ತನೆ ನೋಡುತ್ತ ಕುಳಿತರೆ ನಿನಗೆ ಹಸಿವೂ ಬಾಯಾರಿಕೆಯೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಲೆ ಸುತ್ತಿರುತ್ತದೆ. ಸಾಕು. ಇಷ್ಟರಲ್ಲಿ ಅರ್ಧ ನಿನ್ನ ಪಟ್ಟಿಯಲ್ಲಿ ಆಗಲೇ ಇದೆ ಎಂದು ಗೊತ್ತು.

ಆ ಪಟ್ಟಿಯನ್ನು ನೋಡಿದೆ. ಮಹಾನವಮಿ ದಿಬ್ಬದ ಬಳಿಯ ಪುಷ್ಕರಣಿಗೆ ಒಂದು ಇಡೀ ದಿನ, ಲಕ್ಕುಂಡಿಯ ಮುಸುಕಿನ ಬಾವಿಗೆ ಒಂದು ದಿನ. ಜನ ನಾಲ್ಕು ದಿನದಲ್ಲಿ ಹದಿನಾಲ್ಕು ಊರು ಸುತ್ತುತ್ತಾರೆ, ನೀನು ಎರಡು ಕೊಳ ನೋಡಿ ಬರುತ್ತೀಯ. ಹಂಪಿಯ ಆ ಪುಷ್ಕರಣಿಯ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು ಎಂದು ಜೋಡಿಸುವವರಿಗಾಗಿ ಗುರುತು ಕೊರೆದಿದ್ದಾರೆ ಎಂದು ಹೋದ ತಿಂಗಳು ನೀನು ಊಟದ ನಡುವೆ ಇಪ್ಪತ್ತು ನಿಮಿಷ ವಿವರಿಸಿದೆ. ಸಾರು ಆರಿಹೋಯಿತು. ಅಷ್ಟು ದಿನ ಒಂದು ಮಾತಿಗೆ ಒಂದು ಮಾತು ಎಂಬಂತಿದ್ದವಳ ಬಾಯಲ್ಲಿ ಅಷ್ಟೊಂದು ಕನ್ನಡ ಕೇಳಿ, ಹೆಮ್ಮೆಯಿಂದ ನಾನು ಮೊಸರನ್ನೂ ಬಡಿಸದೆ ಕುಳಿತಿದ್ದೆ. ಹೋಗಿ ಕಣ್ಣಾರೆ ನೋಡು. ಒಬ್ಬಳೇ ಹೋದಾಗ ನಾನು ಹೇಗಿರುತ್ತೇನೆ ಎಂದು ನನಗೇ ಗೊತ್ತಿಲ್ಲ, ತಿಳಿಯಬೇಕು ಎಂದೆಯಲ್ಲ; ನನಗೆ ಅದು ಒಂದು ನಿಮಿಷದಷ್ಟು ಗೊತ್ತು, ಮೇಲೆ ಬರೆದಿದ್ದೇನೆ.

ಮಾತು ನಿಂತುಹೋದಾಗ ತೋರಿಸಲು ನೀನು ಮಾಡಿಕೊಂಡಿರುವ ಚೀಟಿ ಮೇಜಿನ ಮೇಲಿತ್ತು. ‘ನನಗೆ ಆಟಿಸಂ ಇದೆ. ಗದ್ದಲ ಹೆಚ್ಚಾದರೆ ಮಾತು ಹೊರಡುವುದಿಲ್ಲ. ಕೇಳಿಸುತ್ತದೆ, ಅರ್ಥವಾಗುತ್ತದೆ. ಬರೆದು ತೋರಿಸಿ. ಮುಟ್ಟಬೇಡಿ.’ ದುಂಡಗಿನ ಅಕ್ಷರ, ಒಂದೂ ತಪ್ಪಿಲ್ಲ. ಕಡೆಯ ಸಾಲಿಗೆ ‘ದಯವಿಟ್ಟು’ ಎಂದು ಸೇರಿಸಲು ಪೆನ್ನು ತೆಗೆದಿದ್ದೆ. ಸೇರಿಸಲಿಲ್ಲ.

ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ ಇದೆ, ಈರುಳ್ಳಿ ಹಾಕಿಲ್ಲ. ಶೇಂಗಾ ಬೇರೆ ಪೊಟ್ಟಣದಲ್ಲಿದೆ. ರಾತ್ರಿ ಎಂಟಕ್ಕೆ ಮೆಸೇಜಿನಲ್ಲಿ ಒಂದು ಚುಕ್ಕೆ ಕಳಿಸಿದರೆ ಸಾಕು, ಅಕ್ಷರ ಬೇಡ.

ಇನ್ನೊಂದು. ಆಮೇಲೆ ನೀನು ಹಿಡಿದ ಹೊಸ ಲಾಡ್ಜಿನ ನಂಬರು ನಿನ್ನ ಕಾಗದದಲ್ಲಿ ಕಾಣಿಸಿತು, ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ. ಫೋನು ಮಾಡಿಲ್ಲ. ನಾನಾಗಿಯೇ ಅಳಿಸಲು ಸಂಜೆಯಿಂದ ಎರಡು ಸಲ ಹೋಗಿ ಬಂದೆ, ಕೈ ಬರಲಿಲ್ಲ. ರಬ್ಬರನ್ನು ಕಿಟಕಿಯ ಮೇಲೆ ಇಟ್ಟಿದ್ದೇನೆ, ಬೆಳಿಗ್ಗೆ ಹೊರಡುವ ಮುಂಚೆ ನೀನೇ ಅಳಿಸಿ ಹೋಗು.

ನಿನ್ನ
ಅಮ್ಮ